ಏಳು ಸಲ ತೆಗೆದುಕೊಂಡ ಪುಸ್ತಕ

ಕಣ್ಣಿಗೆ ಡ್ರಾಪ್ಸ್ ಹಾಕಿದ ನರ್ಸ್, ಮುಕ್ಕಾಲು ಗಂಟೆ ಕಣ್ಣು ಮುಚ್ಚಿಕೊಂಡು ಕೂತಿರಿ ಅಂದಳು. ಪೇಪರ್ ಓದುವಂತಿಲ್ಲ. ಫೋನ್ ನೋಡುವಂತಿಲ್ಲ. ಎದುರಿಗೆ ಕೂತವರ ಸೀರೆಯ ಬಣ್ಣವನ್ನೂ ನೋಡುವಂತಿಲ್ಲ. (ನಾನು ಅಂಕಣ ಬರೆಯುವುದೇ ಇಂಥದ್ದನ್ನೆಲ್ಲ ನೋಡಿಕೊಂಡು.) ಕಳೆದ ಸೋಮವಾರ ವಿಜಯನಗರದ ಒಂದು ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಹೀಗೆ ಶಿಕ್ಷೆಗೆ ಕೂತಿದ್ದೆ.

ಪಕ್ಕದಲ್ಲಿ ಇನ್ನೊಬ್ಬರು ಇದೇ ಶಿಕ್ಷೆಯಲ್ಲಿದ್ದರು. ಇಬ್ಬರು ಹೆಂಗಸರು ಮುಕ್ಕಾಲು ಗಂಟೆ ಮಾತಿಲ್ಲದೆ ಕೂರುವುದುಂಟೇ? ಐದು ನಿಮಿಷದಲ್ಲಿ ಪರಿಚಯ ಮುಗಿಯಿತು. ಹೆಸರು ಮಹದೇವಮ್ಮ. ಮನೆ ನಜರ್‌ಬಾದಿನಲ್ಲಿ. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ ಕೆಲಸ. ಕಣ್ಣು ಮಂಜಾಗುತ್ತಿದೆ ಅಂತ ತೋರಿಸಲು ಬಂದಿದ್ದಾರೆ. ಒಬ್ಬಳೇ ಮಗಳು ರಕ್ಷಿತಾ, ಸೆಕೆಂಡ್ ಪಿಯುಸಿ, ಸೈನ್ಸ್.

ಚೆನ್ನಾಗಿ ಓದುತ್ತಾಳಾ ಅಂತ ಕೇಳಿದೆ. ಎಲ್ಲರೂ ಕೇಳುವ ಪ್ರಶ್ನೆ.

"ಓದ್ತಾಳೆ ಅಕ್ಕ. ಆದ್ರೆ ಮುಂಚೆ ಓದ್ತಿದ್ದಂಗೆ ಓದಾಕಿಲ್ಲ."

ಮುಂಚೆ ಹೇಗೆ ಓದುತ್ತಿದ್ದಳು? ಮಹದೇವಮ್ಮ ಹೇಳತೊಡಗಿದರು.

ರಕ್ಷಿತಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದಳಂತೆ. ಸಂಜೆ ತಾಯಿ ಮಣೆ ಮುಂದಿಟ್ಟುಕೊಂಡು ಕಡ್ಡಿ ಹೊಸೆಯಲು ಕೂತರೆ, ಮಗಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುವಳು. ತಾಯಿಗೆ ಅಕ್ಷರ ಕೂಡಿಸಿಕೊಂಡು ಸಿಟಿ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ ಬರುತ್ತದೆ. ಕೈತುಂಬ ಕಪ್ಪು ಹಿಟ್ಟು ಬೇರೆ. ಪುಸ್ತಕ ಮುಟ್ಟುವ ಹಾಗೇ ಇಲ್ಲ.

ಅವ್ವನನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟ ಒಬ್ಬ ಹುಡುಗಿಯ ಕಥೆ ಅದು. ಹೋಂವರ್ಕ್ ಮುಗಿದ ಮೇಲೆ ದಿನಕ್ಕೆ ಐದಾರು ಪುಟ. ನಡುವೆ ಮಹದೇವಮ್ಮ ಕೈ ನಿಲ್ಲಿಸಿ, ಆ ಬಸ್ ಹತ್ತಬೇಡ ಅಂತ ಪುಸ್ತಕದ ಹುಡುಗಿಗೆ ಬುದ್ಧಿ ಹೇಳುತ್ತಿದ್ದರಂತೆ. ಅಮ್ಮ, ಅವಳಿಗೆ ಕೇಳಿಸಲ್ಲ ಅಂತ ಮಗಳು ನಗುತ್ತಿದ್ದಳಂತೆ. ಮನೆಯಲ್ಲಿ ಟಿವಿ ಸೀರಿಯಲ್ ನಿಂತೇಹೋಯಿತು. ಪಕ್ಕದ ಮನೆಯಾಕೆಯೂ ತನ್ನ ಮಣೆ ಎತ್ತಿಕೊಂಡು ಇವರ ಪಡಸಾಲೆಗೆ ಬರಲು ಶುರುಮಾಡಿದಳು.

ನನಗೋ ಹಿಗ್ಗು. ಈಗಿನ ಮಕ್ಕಳು ಓದುವುದಿಲ್ಲ, ಹದಿನಾಲ್ಕಕ್ಕೇ ಮೊಬೈಲಿನಲ್ಲಿ ಮುಳುಗಿಹೋಗುತ್ತಾರೆ ಅಂತ ಇದೇ ಜಾಗದಲ್ಲಿ ನಾನು ಎಷ್ಟು ಸಲ ಗೋಳಾಡಿಲ್ಲ? ನಿಮಗೂ ಓದಿ ಸಾಕಾಗಿರಬೇಕು. ಇಲ್ಲಿ ನೋಡಿದರೆ ಇಂಥ ಕಥೆ! ಮುಚ್ಚಿದ ಕಣ್ಣಿನಲ್ಲೇ ಈ ವಾರದ ಅಂಕಣದ ಮೊದಲ ಪ್ಯಾರಾ ಜೋಡಿಸಿಕೊಳ್ಳುತ್ತಿದ್ದೆ.

ಆಮೇಲೆ ಏನಾಯಿತು ಅಂದೆ.

ಆಮೇಲೆ ಶಾಲೆಯಲ್ಲಿ ಏನೋ ಫಂಕ್ಷನ್ ಆಯಿತಂತೆ. ಪೇಪರಿನಲ್ಲಿ ಬರೆಯುವ ಮೇಡಂ ಒಬ್ಬರು ಬಂದಿದ್ದರಂತೆ. ಲೈಬ್ರರಿಯ ರಿಜಿಸ್ಟರ್ ಎತ್ತಿ ತೋರಿಸಿ, ಇಲ್ಲೊಬ್ಬಳು ಒಂದೇ ಪುಸ್ತಕವನ್ನು ಏಳು ಸಲ ತೆಗೆದುಕೊಂಡಿದ್ದಾಳೆ ಅಂತ ಮೈಕಿನಲ್ಲಿ ನಗಾಡಿದರಂತೆ.

ತಲೆಯಲ್ಲಿ ಜೋಡಿಸುತ್ತಿದ್ದ ಪ್ಯಾರಾ ಅಲ್ಲೇ ನಿಂತಿತು.

ಓದುಗರೇ, ಆ ಮೇಡಂ ನಾನು.

ಆ ದಿನ ಚೆನ್ನಾಗಿ ನೆನಪಿದೆ. ಶಾಲೆಯವರು ಓದುವ ವಾರ ಮಾಡಿದ್ದರು. ಅತಿ ಹೆಚ್ಚು ಪುಸ್ತಕ ತೆಗೆದುಕೊಂಡ ವಿದ್ಯಾರ್ಥಿಗೆ ನಾನು ಶೀಲ್ಡ್ ಕೊಡಬೇಕಿತ್ತು. ಭಾಷಣಕ್ಕೆ ಏನೂ ತಯಾರಿ ಇರಲಿಲ್ಲ. (ಸಾಮಾನ್ಯವಾಗಿ ಇರುವುದಿಲ್ಲ.) ಪ್ರಾರ್ಥನೆ ನಡೆಯುತ್ತಿದ್ದಾಗ ಟೇಬಲ್ಲಿನ ಮೇಲಿದ್ದ ರಿಜಿಸ್ಟರ್ ತಿರುವಿಹಾಕಿದೆ. ಆ ಶಾಲೆಯಲ್ಲಿ ಪುಸ್ತಕವನ್ನು ವಾರಕ್ಕೊಮ್ಮೆ ತಂದು ತೋರಿಸಿ ಮತ್ತೆ ಬರೆಸಿಕೊಳ್ಳಬೇಕು. ಹಾಗಾಗಿ ಒಂದೇ ಹೆಸರು, ಒಂದೇ ಪುಸ್ತಕ, ಏಳು ವಾರ. ಒಳ್ಳೆ ಜೋಕ್ ಸಿಕ್ಕಿತು ಅಂದುಕೊಂಡೆ.

"ಏನಮ್ಮಾ, ಓದ್ತಿದ್ದೀಯೋ, ತಲೆದಿಂಬು ಮಾಡ್ಕೊಂಡಿದ್ದೀಯೋ?" ಅಂದಿದ್ದೆ.

ಇಡೀ ಹಾಲ್ ನಕ್ಕಿತು. ಹುಡುಗಿಯ ಹೆಸರು ಹೇಳಲಿಲ್ಲ ಅನ್ನುವುದೊಂದು ನನ್ನ ಸಮಾಧಾನ. ಆದರೆ ಪುಸ್ತಕದ ಹೆಸರು ಹೇಳಿದ್ದೆ. ಅದನ್ನು ಎದೆಗವುಚಿಕೊಂಡು ಓಡಾಡುತ್ತಿದ್ದವಳು ಯಾರು ಅಂತ ಇಡೀ ಶಾಲೆಗೆ ಗೊತ್ತಿತ್ತು. ಆ ವರ್ಷವೆಲ್ಲ ಅವಳನ್ನು ದಿಂಬು ಅಂತಲೇ ಕರೆದರಂತೆ. ನಾನು ಮಾತ್ರ ಆ ಜೋಕನ್ನು ಮನೆಯಲ್ಲೂ ಹೇಳಿ ಇನ್ನೊಂದು ಸಲ ನಗಿಸಿದ್ದೆ.

ರಕ್ಷಿತಾ ಮಾರನೇ ದಿನವೇ ಪುಸ್ತಕ ವಾಪಸ್ ಕೊಟ್ಟಳು. ಬೇರೆ ಯಾರೋ ತೆಗೆದುಕೊಂಡಿದ್ದಾರೆ, ಬಂದ ಮೇಲೆ ತರುತ್ತೇನೆ ಅಂತ ತಾಯಿಗೆ ಹೇಳಿದಳು. ತಾಯಿ ನಂಬಿ ಕಾದರು. ನಿಜ ಸಂಗತಿ ಪಕ್ಕದ ಮನೆಯ ಹುಡುಗಿಯ ಬಾಯಿಂದ ಹೊರಬೀಳುವ ಹೊತ್ತಿಗೆ ಎಷ್ಟೋ ತಿಂಗಳಾಗಿತ್ತು. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬಂತು, ಟ್ಯೂಷನ್ ಬಂತು. ರಕ್ಷಿತಾ ಮತ್ತೆ ಲೈಬ್ರರಿಯ ಕಡೆ ತಲೆಹಾಕಲಿಲ್ಲ.

"ಇನ್ನ ನಾಕೈದು ದಿವ್ಸ ಓದಿದ್ರೆ ಮುಗೀತಿತ್ತು ಅಕ್ಕ. ಕಡ್ಡಿ ಹೊಸೀತಾ ಹೊಸೀತಾ ನಾನೇ ಒಂದೊಂದ್ ದಿನ ಒಂದೊಂದ್ ತರ ಅಂದ್ಕತೀನಿ, ಇಂಗಾಗಿರ್ಬೋದು, ಅಂಗಾಗಿರ್ಬೋದು ಅಂತ."

ಸುಮ್ಮನೆ ಎದ್ದುಹೋಗಬಹುದಿತ್ತು. ಇಬ್ಬರಿಗೂ ಕಣ್ಣು ಮಬ್ಬು, ಮುಖ ಕಾಣುವಂತಿರಲಿಲ್ಲ. ಹಾಗೆ ಯೋಚನೆ ಬಂದದ್ದೂ ನಿಜ. ಆದರೆ ಬಾಯಿ ತಡೆಯಲಿಲ್ಲ. ಆ ಮೇಡಂ ನಾನೇ ಅಂದುಬಿಟ್ಟೆ.

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿ ಅಂತಲೂ ಅಂದುಕೊಂಡೆ.

"ಅಂಗಾದ್ರೆ ನಿಮಗೆ ಗೊತ್ತಿರ್ತದಲ್ಲ ಮೇಡಂ," ಅಂದರು. "ಕೊನೆಗೆ ಆ ಹುಡುಗಿಗೆ ಅವ್ವ ಸಿಕ್ಕಿದ್ಲಾ?"

ಅಷ್ಟು ಹೊತ್ತು ಅಕ್ಕ ಆಗಿದ್ದವಳು ಮೇಡಂ ಆದೆ. ಅದು ಚುಚ್ಚಿತು. ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ಆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ.

ಅವತ್ತು ಶೀಲ್ಡ್ ತೆಗೆದುಕೊಂಡ ಹುಡುಗಿ ಅಷ್ಟೂ ಪುಸ್ತಕ ಓದಿದ್ದಳೇ? ಅದೂ ಗೊತ್ತಿಲ್ಲ. ನಾವು ಎಣಿಸುತ್ತೇವೆ, ಅಷ್ಟೆ. ಯಾವ ಮಗು ಯಾವ ಪುಟದಲ್ಲಿ ನಿಂತುಬಿಟ್ಟಿದೆ, ಯಾಕೆ ನಿಂತಿದೆ ಅಂತ ನೋಡುವುದಿಲ್ಲ. ಲೈಬ್ರರಿ ಪೀರಿಯಡ್ಡನ್ನು ಗಣಿತದ ಪೋರ್ಷನ್ ಮುಗಿಸಲು ಕೊಟ್ಟು, ಬೀರುವಿಗೆ ಬೀಗ ಹಾಕಿ, ವರ್ಷಕ್ಕೊಮ್ಮೆ ನನ್ನಂಥವರನ್ನು ಕರೆಸಿ ಶಾಲು ಹೊದಿಸುತ್ತೇವೆ. ಶಾಲು ಹೊದ್ದವರು ಮೈಕ್ ಹಿಡಿದು, ನಿಜವಾಗಿ ಓದುತ್ತಿದ್ದ ಒಬ್ಬಳನ್ನು ಹುಡುಕಿ ತೆಗೆದು ನಗುತ್ತಾರೆ.

ಗುರುವಾರ ಆ ಶಾಲೆಗೆ ಹೋದೆ. ಪುಸ್ತಕ ಬೀರುವಿನಲ್ಲೇ ಇತ್ತು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಂದರ ಕೆಳಗೊಂದು ತಾರೀಕಿನ ಏಳು ಸೀಲು. ಆಮೇಲೆ ಖಾಲಿ. ಅವಳ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಲೈಬ್ರರಿ ನೋಡಿಕೊಳ್ಳುವ ಕನ್ನಡ ಮೇಷ್ಟ್ರು ನನ್ನ ಹೆಸರಿಗೆ ಬರೆದು ಕೊಟ್ಟರು.

ಸಂಜೆ ನಜರ್‌ಬಾದಿನ ಮನೆ ಹುಡುಕಿಕೊಂಡು ಹೋದೆ. ರಕ್ಷಿತಾ ಬಾಗಿಲು ತೆಗೆದಳು. ಎತ್ತರಕ್ಕೆ ಬೆಳೆದಿದ್ದಾಳೆ. ತಾಯಿ ಮೊದಲೇ ಹೇಳಿದ್ದರು ಅಂತ ಕಾಣುತ್ತದೆ, ಆಶ್ಚರ್ಯಪಡಲಿಲ್ಲ. ತಪ್ಪಾಯಿತು ಅಂದೆ. ತಮಾಷೆಗೆ ಅಲ್ವಾ ಮೇಡಂ, ಪರವಾಗಿಲ್ಲ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪುಸ್ತಕ ಚಾಚಿದೆ.

"ನಂಗೆ ಈಗ ಕಥೆ ಓದೋಕೆ ಆಗಲ್ಲ ಮೇಡಂ. ನಾಳೆ ಟೆಸ್ಟ್ ಇದೆ," ಅಂದಳು. ಕಾಫಿ ತಂದುಕೊಟ್ಟು, ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನೇ ಓದುತ್ತೇನೆ ಅಂದೆ. ಮಹದೇವಮ್ಮ ಬೇಡ ಅನ್ನಲಿಲ್ಲ. ಕಥೆ ಎಲ್ಲಿ ನಿಂತಿತ್ತು ಅಂತ ಅವರಿಗೆ ಸರಿಯಾಗಿ ನೆನಪಿತ್ತು. ಆ ಹುಡುಗಿ ಯಾವುದೋ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ, ಹೋಗುವುದೋ ಬೇಡವೋ ಅಂತ ನಿಂತಿದ್ದಾಳೆ. ಅಲ್ಲಿಂದ ಶುರುಮಾಡಿದೆ. ನನ್ನ ದನಿ ಚೆನ್ನಾಗಿದೆ ಅಂತ ಜನ ಹೇಳುತ್ತಾರೆ. ಏರಿಳಿತ ಕೊಟ್ಟು, ನಿಧಾನವಾಗಿ ಓದಿದೆ. ಮಹದೇವಮ್ಮನ ಕೈ ಮಣೆಯ ಮೇಲೆ ಉರುಳುತ್ತಲೇ ಇತ್ತು. ಒಮ್ಮೆಯೂ ನಿಲ್ಲಲಿಲ್ಲ.

ಮೂರನೇ ಪುಟ ತಿರುವುವಾಗ ಮೆಲ್ಲಗೆ ಅಂದರು, "ಸಾಕು ಬುಡಿ ಮೇಡಂ. ನೀವೇ ಓದಿ ಮುಗಿಸ್ಬುಟ್ರೆ, ಅವಳು ನನಗೆ ಓದಕ್ಕೆ ಏನೂ ಉಳಿಯಾಕಿಲ್ಲ."

ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಬಾಗಿಲು ಹಾಗೇ ಇತ್ತು. ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದೆ.

ಏಳು ಸಲ ಯಾಕಮ್ಮಾ ಅಂತ ಅವತ್ತೇ ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?