ಅಕ್ಕ ತಂದ ಅಕ್ಕಿ

ಗೋಣಿಬೀಡಿನಿಂದ ಬಂದ ಅಕ್ಕ ಕಾಲು ತೊಳೆಯುವುದಕ್ಕೂ ಮೊದಲೇ ಸೆರಗಿನ ಗಂಟು ಬಿಚ್ಚಿ, ಒಂದು ಬೊಗಸೆ ಅಕ್ಕಿಯನ್ನು ನನ್ನ ಹೆಂಡತಿಯ ಮುಂದಿದ್ದ ಮೊರಕ್ಕೆ ಸುರಿದಳು.

"ಇದೇನು ಅತ್ತಿಗೆ? ತವರಿಗೆ ಬರೋರು ಅಕ್ಕಿ ತರ್ತಾರಾ?" ಎಂದು ಹೆಂಡತಿ ಗಾಬರಿಯಾದಳು.

"ನನ್ನ ಊಟದ್ದು ಕಣೇ. ನಿನ್ನ ಗಂಡ ಶಾಲೆ ಮೇಷ್ಟ್ರ ಕೆಲ್ಸ ಬಿಟ್ಟ ಮೇಲೆ ಒಲೆಗೂ ಟೈಂಟೇಬಲ್ ಹಾಕಿದಾನಂತೆ. ಅದ್ರಲ್ಲಿ ನಾನೆಲ್ಲಿದೀನಿ ಮಾರಾಯ್ತಿ?" ಎಂದು ಅಕ್ಕ ನಕ್ಕಳು.

ಅವಳ ಕಿವಿಗೆ ಬಿದ್ದದ್ದು ನಿಜವೇ. ಮಹಾಯುದ್ಧ ಮುಗಿದರೂ ಅಕ್ಕಿಗೆ ರೇಷನ್ ತಪ್ಪಿರಲಿಲ್ಲ. ಇದ್ದ ಅಕ್ಕಿ ವಾರವಿಡೀ ಬರಲೆಂದು, ಯಾವ ದಿನ ಗಂಜಿ, ಯಾವ ದಿನ ರೊಟ್ಟಿ ಎಂಬುದನ್ನು ನಾನು ಭಾನುವಾರವೇ ಗೊತ್ತುಮಾಡತೊಡಗಿದ್ದೆ. ಮನೆಮಂದಿಯಲ್ಲದೆ ಇನ್ನೊಬ್ಬರು ಉಣ್ಣಲು ಬಂದಾರೆಂಬ ಯೋಚನೆಯೇ ನನಗೆ ಹೊಳೆದಿರಲಿಲ್ಲ.

ತವರಿನಿಂದ ಹೊರಡುವ ಹೆಣ್ಣುಮಗಳ ಮಡಿಲಿಗೆ ಅಕ್ಕಿ ತುಂಬಿ ಕಳುಹಿಸುವುದು ನಮ್ಮ ಪದ್ಧತಿ. ಸಂಜೆ ಹೆಂಡತಿ ಅಕ್ಕಿ ತಂದಾಗ ಅಕ್ಕ ಅದನ್ನು ಮೆಲ್ಲನೆ ಹಿಂದಕ್ಕೆ ಸರಿಸಿ, ಅರಿಸಿನ ಕುಂಕುಮವನ್ನಷ್ಟೇ ತೆಗೆದುಕೊಂಡು ಹೊರಟಳು.

ಈಗ ಅಕ್ಕನ ಪಾಲನ್ನು ತೆಗೆದಿಟ್ಟ ನಂತರವೇ ವಾರದ ಅಡುಗೆಯನ್ನು ಗೊತ್ತುಮಾಡುತ್ತೇನೆ. ಅದನ್ನು ಅವಳಿಗೆ ಹೇಳಿಯೂ ಇದ್ದೇನೆ. ಆದರೂ ಅಕ್ಕ ಬಂದಾಗಲೆಲ್ಲ ಮೊದಲು ಸೆರಗಿನ ಗಂಟನ್ನೇ ಬಿಚ್ಚುತ್ತಾಳೆ.