ದಪ್ಪ ಅಳಿಯನ ಬೆಟ್ಟದ ರೇಸು

ನಾನು ದನದ ಡಾಕ್ಟರು. ಚನ್ನಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹಸು, ಎಮ್ಮೆಗಳ ಎದೆಗೆ ಟೇಪು ಸುತ್ತಿ, ಸುತ್ತಳತೆಯಿಂದಲೇ ತೂಕ ಅಂದಾಜು ಮಾಡಿ ಔಷಧಿ ಬರೆಯುವುದು ನನ್ನ ನಿತ್ಯದ ಕೆಲಸ. ಒಂದು ಭಾನುವಾರ ನನ್ನ ಹೆಂಡತಿ ಅದೇ ಟೇಪನ್ನು ನನ್ನ ಬ್ಯಾಗಿನಿಂದ ತೆಗೆದು ನನ್ನ ಎದೆಗೇ ಸುತ್ತಿದಳು. ಟೇಪಿನ ಪ್ರಕಾರ ನಾನು ಮೇವು ಚೆನ್ನಾಗಿ ಬಿದ್ದ ಒಂದು ಎಳೆಯ ಕಡಸು.

"ಇದ್ರಲ್ಲಿ ಒಸಿ ಇಳಿಸ್ದಿದ್ರೆ ಬೆಟ್ಟ ಹತ್ತಕಾಗಲ್ಲ ಕಣ್ರೀ" ಎಂದಳು.

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಬೇಗ ಹೋಗುತ್ತದೆ. ತೂಕ ಮಾತ್ರ ಬಂದದ್ದು ಹೋಗಿಲ್ಲ. ಆರಡಿಯ ಮೇಲೆ ಎತ್ತರ, ಅದಕ್ಕೆ ತಕ್ಕ ಅಗಲ, ಅಗಲಕ್ಕೆ ತಕ್ಕ ಹೊಟ್ಟೆ. ನಾನು ಸೈಕಲ್ ಹತ್ತಿದರೆ ಪಾಪ ಸೈಕಲ್ಲು ಎಂದು ಮರುಕಪಡುವ ಜನ ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ.

ಬೆಟ್ಟದ ಮಾತು ಬಂದದ್ದು ರೇಸಿನಿಂದ. ನಮ್ಮ ನಾಲ್ಕು ತಾಲ್ಲೂಕಿನ ಸೈಕಲ್ ಹುಚ್ಚರೆಲ್ಲ ಸೇರಿ ವರ್ಷಕ್ಕೊಮ್ಮೆ ಮೂರು ದಿನದ ಜೋಡಿ ರೇಸು ನಡೆಸುತ್ತಾರೆ. ಮೊದಲ ದಿನ ಚನ್ನಪಟ್ಟಣದಿಂದ ಸಾತನೂರಿನ ಮೇಲೆ ಕನಕಪುರಕ್ಕೆ, ಎರಡನೆಯ ದಿನ ಅಲ್ಲಿಂದ ರಾಮನಗರಕ್ಕೆ, ಕೊನೆಯ ದಿನ ರಾಮನಗರದಿಂದ ಬೆಟ್ಟಗಳ ನಡುವೆ ಹಾದು ಮಾಗಡಿ ದಾಟಿ ಕೆಂಪಾಪುರಕ್ಕೆ. ಮೂರೂ ದಿನದ ಹೊತ್ತನ್ನು ಕೂಡಿಸಿ, ಯಾವ ಜೋಡಿಯದು ಕಡಿಮೆಯೋ ಅದು ಮುಂದು. ಜೋಡಿಯಲ್ಲಿ ಹಿಂದೆ ಬಂದವರ ಹೊತ್ತೇ ಇಬ್ಬರದೂ ಹೊತ್ತು. ಈ ನಿಯಮ ಮಾಡಿದವನು ದಪ್ಪಗಿರಲಿಲ್ಲ ಎಂದು ನಾನು ಬಾಜಿ ಕಟ್ಟಿ ಹೇಳುತ್ತೇನೆ.

ನನ್ನ ಹೆಂಡತಿ ಬೈರಾಪಟ್ಟಣದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ತೆಳ್ಳನೆಯ ಮೈ, ಗಟ್ಟಿ ಕಾಲು. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್ಲು, ಅದು ತಮ್ಮನದು. ತಮ್ಮ ತುಳಿಯುತ್ತಿದ್ದ, ಅಕ್ಕನಾದ ಇವಳು ಹಿಂದೆ ಕ್ಯಾರಿಯರ್ ಮೇಲೆ ಕೂತು ಸ್ಕೂಲಿಗೆ ಹೋಗುತ್ತಿದ್ದಳು. ಹೆಣ್ಣುಮಗಳಿಗೆ ಯಾಕೆ ಸೈಕಲ್ಲು ಎಂದು ಕೇಳುವ ಕಾಲ ಅದು. ನೌಕರಿ ಸಿಕ್ಕಿ, ಮದುವೆಯಾಗಿ, ಮಗಳು ಕಾಲೇಜು ಸೇರಿದ ಮೇಲೆ ಅವಳು ಸ್ವಂತಕ್ಕೊಂದು ಸೈಕಲ್ ಕೊಂಡಳು. ಕಳೆದ ವರ್ಷ ಸ್ಕೂಲಿನ ಇನ್ನೊಬ್ಬ ಟೀಚರ ಜೊತೆ ಈ ರೇಸಿಗೆ ಇಳಿದು ತಮ್ಮನ ಜೋಡಿಯ ಹಿಂದೆ ಬಂದಳು. ಬಹುಮಾನದ ಆಸೆ ಅವಳಿಗಿಲ್ಲ. ತಮ್ಮನಿಗಿಂತ ಮುಂದೆ ಒಂದು ಸಲ ಹೋಗಬೇಕು, ಅಷ್ಟೇ. ಈ ವರ್ಷ ಆ ಟೀಚರ ಮಂಡಿ ಕೈಕೊಟ್ಟಿತು. ಬೇರೆ ಯಾರೂ ಸಿಗದೆ ಅವಳು ನನ್ನ ಹೆಸರು ಕೊಟ್ಟುಬಂದಳು.

"ಅಕ್ಕ, ಭಾವನ್ನ ಕಟ್ಕೊಂಡು ಬೆಟ್ಟ ಹತ್ತೀಯಾ?" ಎಂದು ಭಾಮೈದ ಫೋನಿನಲ್ಲೇ ನಕ್ಕ. ಅವನು ಕನಕಪುರದಲ್ಲಿ ಎಂಜಿನಿಯರ್. ಒಣಗಿದ ನುಗ್ಗೆಕಾಯಿಯ ಹಾಗೆ ಇದ್ದಾನೆ.

ಅವನು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ಟೀವಿಯಲ್ಲಿ ದೂರದೇಶದ ಬೆಟ್ಟದ ರೇಸುಗಳನ್ನು ನಾನೂ ನೋಡಿದ್ದೇನೆ. ವಾರಗಟ್ಟಲೆ ನಡೆಯುವ ಆ ರೇಸುಗಳಲ್ಲಿ ಗೆಲ್ಲುವವರೆಲ್ಲ ಪಕ್ಕೆಲುಬು ಎಣಿಸಬಹುದಾದ ಮೈಯವರು. ದೊಡ್ಡ ಮೈಯವರು ಬಯಲಿನಲ್ಲಿ ಗಾಳಿ ಸೀಳಿ, ಸಣ್ಣವರನ್ನು ಬೆಟ್ಟದ ಬುಡದ ತನಕ ಮುಟ್ಟಿಸಿ, ಆಮೇಲೆ ಹಿಂದೆ ಎಲ್ಲೋ ಮಾಯವಾಗುತ್ತಾರೆ. ಲೆಕ್ಕ ಸರಳವಾಗಿದೆ. ಬಯಲಿನಲ್ಲಿ ಒಟ್ಟು ಶಕ್ತಿ ಎಷ್ಟಿದೆ ಎಂಬುದು ಮುಖ್ಯ, ಏರಿನಲ್ಲಿ ಆ ಶಕ್ತಿಯನ್ನು ಮೈತೂಕಕ್ಕೆ ಭಾಗಿಸಬೇಕು. ಭಾಗಾಕಾರ ಬಂದ ಕೂಡಲೇ ನನ್ನಂಥವರು ಸೋತ ಹಾಗೆ. ಆದರೂ ನಮ್ಮ ಕಡೆಯ ಬೆಟ್ಟಗಳು ಅಷ್ಟೇನೂ ಎತ್ತರದವಲ್ಲ, ನಡುನಡುವೆ ಬಯಲೂ ಇದೆ ಎಂದು ನಾನು ಸಮಾಧಾನ ಹೇಳಿಕೊಂಡೆ.

ನನ್ನ ಹೆಂಡತಿಗೆ ಮಾತ್ರ ಸಮಾಧಾನ ಇರಲಿಲ್ಲ. ಟೇಪು ಸುತ್ತಿದ ದಿನದಿಂದ ನನ್ನ ತಟ್ಟೆಯ ರಾಗಿಮುದ್ದೆ ಕರಗತೊಡಗಿತು. ಒಂದೇ ಸಲ ಚಿಕ್ಕದಾದರೆ ನಾನು ರಂಪ ಮಾಡುತ್ತೇನೆಂದು ಅವಳಿಗೆ ಗೊತ್ತು. ಹಾಗಾಗಿ ದಿನಕ್ಕಿಷ್ಟಿಷ್ಟೇ ಇಳಿಸಿದಳು. ತೆಂಗಿನಕಾಯಿ ಗಾತ್ರದ್ದು ಮೂಸಂಬಿಯಾಯಿತು, ಮೂಸಂಬಿ ನಿಂಬೆಹಣ್ಣಾಯಿತು. ನನಗೆ ತಿಳಿಯಲಿಲ್ಲ ಎಂದು ಅವಳು ತಿಳಿದಿದ್ದಳು. ಹೊಟ್ಟೆಗೆ ತಿಳಿಯದೆ ಇರುತ್ತದೆಯೆ? ಆದರೆ ಅವಳು ಬೆಳಗ್ಗೆ ಕತ್ತಲಲ್ಲೇ ಎದ್ದು ಒಬ್ಬಳೇ ಏರುಗಳನ್ನು ಹತ್ತಿ ಅಭ್ಯಾಸ ಮಾಡುವುದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹಳ್ಳಿಗಳಲ್ಲಿ ರೈತರು, "ಯಾಕ್ ಸಾ, ಮೈ ಉಸಾರಿಲ್ವಾ, ಇಳ್ದೋಗಿದ್ದೀರಿ" ಎಂದು ಕೇಳಿದಾಗ ಒಳಗೊಳಗೇ ಹಿಗ್ಗೂ ಆಗುತ್ತಿತ್ತು.

ರೇಸಿನ ಮೊದಲ ದಿನವೇ ಆ ಹಿಗ್ಗು ಇಳಿಯಿತು. ಸಾತನೂರು ಮುಟ್ಟುವ ತನಕ ಎಲ್ಲ ಚೆನ್ನಾಗಿತ್ತು. ಅಲ್ಲಿಂದ ಕಬ್ಬಾಳಿನ ಕಡೆ ಒಂದು ಸುತ್ತು ಇಟ್ಟಿದ್ದರು, ಅದರಲ್ಲಿ ಉದ್ದನೆಯ ಏರು. ಅರ್ಧ ಹತ್ತುವಷ್ಟರಲ್ಲಿ ನನ್ನ ಕಣ್ಣಿಗೆ ಕತ್ತಲೆ ಕವಿಯಿತು. ತೂಕ ಇಳಿದಿತ್ತು ನಿಜ, ಅದರ ಜೊತೆ ತ್ರಾಣವೂ ಇಳಿದಿತ್ತು. ನನ್ನ ಹೆಂಡತಿ ಮುಂದೆ ಹೋಗಿ ಮರದ ನೆರಳಲ್ಲಿ ಕಾಲೂರಿ ನಿಲ್ಲುವುದು, ನಾನು ತೆವಳಿಕೊಂಡು ಅಲ್ಲಿಗೆ ಮುಟ್ಟುವುದು, ಅವಳು ಮತ್ತೆ ಮುಂದಿನ ಮರಕ್ಕೆ ಹೋಗುವುದು, ಹೀಗೇ ನಡೆಯಿತು.

"ನನ್ನೇ ನೋಡ್ಕಂಡು ನಿಂತ್ಕಬೇಡ ಕಣೇ! ನೀನು ನೋಡ್ತಿದ್ರೆ ಬರೋ ಉಸ್ರೂ ಬರಲ್ಲ!" ಎಂದು ಕೂಗಿದೆ.

ಅವಳು ಮುಖ ತಿರುಗಿಸಿದಳು. ಆ ಹೊತ್ತಿಗೆ ಭಾಮೈದ ತನ್ನ ಆಫೀಸಿನ ಗೆಳೆಯನ ಜೊತೆ ಪಕ್ಕದಲ್ಲೇ ದಾಟಿ ಹೋದ. "ಭಾವ, ನಿಧಾನಕ್ಕೆ ಬನ್ನಿ. ಮನೇಲಿ ಅವ್ವಂಗೆ ಬಿಸ್ನೀರು ಕಾಯ್ಸು ಅಂತೀನಿ" ಎಂದ. ಅವನ ಗೆಳೆಯನೂ ಅವನಷ್ಟೇ ತೆಳ್ಳಗೆ. ಇಬ್ಬರೂ ಮಾತಾಡಿಕೊಂಡೇ ಏರು ಹತ್ತಿದರು.

ಕನಕಪುರದಲ್ಲಿ ನಾವು ತಂಗಬೇಕಿದ್ದದ್ದು ಭಾಮೈದನ ಮನೆಯಲ್ಲೇ. ಅತ್ತೆಯೂ ಅಲ್ಲೇ ಇರುವುದು. ಕೈಕಾಲು ತೊಳೆದು ಕೂತಾಗ ನನಗೆ ನಿಜಕ್ಕೂ ದುಃಖವಾಯಿತು. ನಾನು ಸೋಲುವುದು ಬೇರೆ, ಇವಳನ್ನು ಸೋಲಿಸುವುದು ಬೇರೆ. "ಈ ವರ್ಷ ನನ್ನ ಬುಟ್ಬುಡು. ಉಸಾರಿಲ್ಲ ಅಂದ್ಬುಟ್ಟು ನಿಂತ್ಕತೀನಿ. ನೀನು ಮುಂದಿನ ವರ್ಷ ಯಾರಾದ್ರೂ ತೆಳ್ಳಗಿರೋರ ಜೊತೆ ಬಾ" ಎಂದೆ.

"ಸುಮ್ಕೆ ಊಟಕ್ಕೆ ಏಳಿ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಊಟಕ್ಕೆ ನಾಟಿಕೋಳಿ ಸಾರು, ಮುದ್ದೆ. ಅತ್ತೆ ಮುದ್ದೆ ಹಿಡಿದುಕೊಂಡು ಬಂದಾಗ ನನ್ನ ಹೆಂಡತಿ, "ಅರ್ಧ ಸಾಕು ಕಣವ್ವ" ಎಂದಳು. ಅತ್ತೆ ನಿಂತರು. ಮನೆಗೆ ಬಂದ ಅಳಿಯನ ತಟ್ಟೆಗೆ ಅರ್ಧ ಮುದ್ದೆ ಇಕ್ಕಿದ್ದು ಆ ವಂಶದಲ್ಲೇ ಇಲ್ಲ. ಅಷ್ಟರಲ್ಲಿ ಭಾಮೈದ ಬಾಯಿ ಹಾಕಿದ.

"ಅದ್ಯಾಕವ್ವ ಅರ್ಧ? ಪೂರ್ತಿ ಇಕ್ಕು. ಇನ್ನೊಂದೂ ಇಕ್ಕು. ಭಾವ ಅರೆಹೊಟ್ಟೇಲಿ ಎದ್ರೆ ನಮ್ ಮನೆ ಮರ್ವಾದೆ ಏನಾಯ್ತದೆ?"

ಹೇಳುತ್ತ, ಪಕ್ಕದಲ್ಲಿ ಉಣ್ಣಲು ಕೂತಿದ್ದ ತನ್ನ ಗೆಳೆಯನಿಗೆ ಕಣ್ಣು ಮಿಟುಕಿಸಿದ. ನಾನು ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಭಾವನ ಹೊಟ್ಟೆ ಭಾರವಾದಷ್ಟೂ ನಾಳೆ ತನಗೆ ಹಗುರ ಎಂಬುದು ಅವನ ಎಣಿಕೆ. ಅವಳಾದರೂ ಏನು ಮಾಡಿಯಾಳು? ಅಳಿಯನಿಗೆ ಬಡಿಸಬೇಡ ಎಂದು ತವರಿನಲ್ಲಿ ತಾಯಿಗೆ ಎರಡನೆಯ ಸಲ ಹೇಳುವುದು ಮಗಳಿಗೆ ಶೋಭೆಯಲ್ಲ. ಅವಳು ಸಾರಿನ ಪಾತ್ರೆ ನೋಡುತ್ತ ಕೂತಳು. ನಾನು ಎಷ್ಟೋ ದಿನದ ಮೇಲೆ ಮನುಷ್ಯನಂತೆ ಉಂಡೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಮತ್ತೆ ಮುರಿದು. ಎರಡಾದ ಮೇಲೆ ಭಾಮೈದನೇ ಮೂರನೆಯದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ. ಅದನ್ನೂ ಬಿಡಲಿಲ್ಲ. ಬೆಳಗ್ಗೆ ಅತ್ತೆ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಉಪ್ಪು, ಈರುಳ್ಳಿ ಹಾಕಿ ಕೊಟ್ಟರು. ಅದನ್ನೂ ಕುಡಿದು ಸೈಕಲ್ ಹತ್ತಿದೆ.

ರಾಮನಗರದ ದಾರಿಯಲ್ಲಿ ಎದುರುಗಾಳಿ ಇತ್ತು. ಸಣ್ಣ ಮೈಯವರು ಅದಕ್ಕೆ ತಲೆ ತಗ್ಗಿಸಿ ಒದ್ದಾಡುತ್ತಿದ್ದರು. ನನಗೆ ಗಾಳಿ ಇದ್ದದ್ದೇ ಗೊತ್ತಾಗಲಿಲ್ಲ. ತುಳಿದಷ್ಟೂ ಕಾಲು ಇನ್ನೂ ಕೊಡು ಎನ್ನುತ್ತಿತ್ತು. ಇಳಿಜಾರು ಬಂದಾಗ ನನ್ನ ತೂಕವೇ ನನ್ನನ್ನು ಉರುಳಿಸಿಕೊಂಡು ಹೋಯಿತು, ಹೆಂಡತಿ ನನ್ನ ಹಿಂದಿನ ಚಕ್ರ ಬಿಡದೆ ಬಂದಳು. ಸಣ್ಣಪುಟ್ಟ ದಿಬ್ಬಗಳನ್ನು ಬಂದ ಓಟದಲ್ಲೇ ದಾಟಿದೆವು. ರಾಮನಗರ ಮುಟ್ಟುವ ಹೊತ್ತಿಗೆ ಮೊದಲ ದಿನ ಕಳೆದುಕೊಂಡದ್ದರಲ್ಲಿ ಬಹುಪಾಲು ಕೈಗೆ ಬಂದಿತ್ತು. ಭಾಮೈದನ ಜೋಡಿ ನಮಗಿಂತ ಮುಂದಿದ್ದದ್ದು ಇನ್ನು ಬರೀ ಎರಡು ನಿಮಿಷ.

"ಏನ್ ಭಾವ, ಸೈಕಲ್‌ಗೆ ಮೋಟ್ರು ಮಡಗಿದ್ದೀರಾ?" ಎಂದ ಅವನು, ಬೆವರು ಒರೆಸಿಕೊಳ್ಳುತ್ತ.

"ನೀನೇ ಮಡಗಿದ್ದು ಕಣ್ಲಾ, ರಾತ್ರಿ" ಎಂದಳು ಅವನ ಅಕ್ಕ.

ಅವತ್ತು ಸಂಜೆ ರಾಮನಗರದ ಹೋಟೆಲಿನಲ್ಲಿ ಅವಳೇ ಕೂಗಿ ನನಗೆ ಎರಡು ಮುದ್ದೆ ತರಿಸಿದಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ, ಬಾಯಿ ತುಂಬಿತ್ತು.

ಕೊನೆಯ ದಿನ ಬೆಟ್ಟದ ದಿನ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಏರು ಶುರುವಾಗುವ ಮೊದಲೇ ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿಬಿಡುವುದು. ಏರಿನಲ್ಲಿ ಒಬ್ಬೊಬ್ಬರಾಗಿ ನನ್ನನ್ನು ದಾಟಿಕೊಂಡು ಹೋಗಲಿ. ತುದಿ ಮುಟ್ಟುವಾಗ ಬಾಲದಲ್ಲಿದ್ದರೂ ಸಾಕು, ಇಳಿಜಾರಿನಲ್ಲಿ ನೋಡಿಕೊಳ್ಳಬಹುದು. ಹೆಂಡತಿಗೆ ಒಂದೇ ಮಾತು ಹೇಳಿದೆ: "ನನಗೆ ಕಾಯ್ಬೇಡ. ನಿನ್ನ ಓಟ ನೀನು ಓಡು. ಮಾಗಡಿ ಆಚೆ ಸಿಕ್ತೀನಿ."

ಬೆಟ್ಟ ಬಂತು. ದೊಡ್ಡ ಬಂಡೆಗಳ ಬುಡದಲ್ಲಿ ರಸ್ತೆ ಮೇಲೇರುತ್ತ ಹೋಗಿತ್ತು. ನಾನು ಮುಂದಿದ್ದೆ, ಎಲ್ಲರೂ ನನ್ನನ್ನು ದಾಟತೊಡಗಿದರು. ನಾನು ಮನಸ್ಸು ಕೆಡಿಸಿಕೊಳ್ಳಲಿಲ್ಲ. ಗಬ್ಬದ ಎಮ್ಮೆ ಮನೆಗೆ ಬರುವ ಗತಿಯಲ್ಲಿ, ನಿಲ್ಲದೆ, ಅವಸರಪಡದೆ ತುಳಿಯುತ್ತಿದ್ದೆ. ನನ್ನ ಹೆಂಡತಿ ದಾಟಿ ಹೋದಳು. ಅವಳ ಪಕ್ಕದಲ್ಲೇ ಭಾಮೈದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬರು ಸ್ವಲ್ಪ ಮುಂದಾದರೆ ಇನ್ನೊಬ್ಬರು ಎದ್ದು ನಿಂತು ತುಳಿದು ಸಮವಾಗುತ್ತಿದ್ದರು. ಅಕ್ಕ ತಮ್ಮ ಇಬ್ಬರಿಗೂ ಜೋಡಿ ರೇಸು ಎಂಬುದೇ ಮರೆತುಹೋಗಿತ್ತು. ತಿರುವಿನಲ್ಲಿ ಕಣ್ಮರೆಯಾದರು.

ತುದಿಗೆ ಸ್ವಲ್ಪ ಮೊದಲು ಭಾಮೈದನ ಗೆಳೆಯ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. ಭಾಮೈದ ಅಕ್ಕನನ್ನು ಹಿಡಿಯಲು ಹೊರಟಾಗ ಇವನೂ ಬೆನ್ನು ಹತ್ತಿ, ದಣಿದು ಉಳಿದುಬಿಟ್ಟಿದ್ದ. ತೆಳ್ಳಗಿದ್ದವರೆಲ್ಲ ಬೆಟ್ಟ ಹತ್ತುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. "ನೀರು ಐತಾ ಸಾರ್?" ಎಂದ. ಇದ್ದದ್ದರಲ್ಲಿ ಅರ್ಧ ಕೊಟ್ಟು ಮುಂದೆ ಹೋದೆ.

ಇಳಿಜಾರಿನಲ್ಲಿ ಐದಾರು ಜೋಡಿಗಳನ್ನು ಹಿಂದೆ ಹಾಕಿದೆ. ಮಾಗಡಿ ದಾಟಿ ಬಯಲಿಗೆ ಬಿದ್ದಾಗ, ದೂರದಲ್ಲಿ ಒಂದು ಸೈಕಲ್ಲು ರಸ್ತೆಯ ಆಚೆಗೂ ಈಚೆಗೂ ತೂರಾಡುತ್ತಿರುವುದು ಕಂಡಿತು. ಹತ್ತಿರ ಹೋದರೆ ನನ್ನ ಹೆಂಡತಿ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮುಗೀತು ಕಣ್ರೀ. ಕಾಲು ಸತ್ತೋಯ್ತು. ಅವ್ನ ಬಿಡಬಾರ್ದು ಅಂತ ಹೋಗ್ಬುಟ್ಟೆ" ಎಂದಳು.

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಮೂರು ದಿನದಲ್ಲಿ ಮೊದಲ ಸಲ ತಡವಾದದ್ದು ನನ್ನಿಂದಲ್ಲ. ಮರುಗಳಿಗೆ ಆ ಸಂತೋಷಕ್ಕೆ ನಾಚಿ ಸೈಕಲ್ಲನ್ನು ಅವಳ ಪಕ್ಕಕ್ಕೆ ತಂದೆ. ಜೇಬಿನಲ್ಲಿದ್ದ ಕಡಲೆಮಿಠಾಯಿ ಕೊಟ್ಟು, "ತಿನ್ಕಂಡು ನನ್ನ ಹಿಂದೆ ಬಾ. ಬೇರೆ ಏನೂ ನೋಡ್ಬೇಡ, ನನ್ನ ಅಂಗಿ ನೋಡ್ತಾ ಇರು" ಎಂದೆ.

ಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಅವಳಿಗೆ ಒಂದಿಷ್ಟೂ ತಾಗದ ಹಾಗೆ, ಅವಳ ಉಸಿರಾಟ ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ತುಳಿದೆ. ಅವಳ ಉಸಿರು ಏರಿದರೆ ನಿಧಾನ, ಇಳಿದರೆ ಜೋರು. ಹೊಲಗಳಲ್ಲಿ ರಾಗಿ ತೆನೆ ಬಿಟ್ಟಿತ್ತು. ಜೀವನದಲ್ಲಿ ನನ್ನ ಈ ಮೈಯಿಂದ ನನಗೆ ಇಷ್ಟು ಸುಖ ಎಂದೂ ಆಗಿರಲಿಲ್ಲ.

ಕೆಂಪಾಪುರದಲ್ಲಿ ಗೆರೆ ಎಳೆದಿದ್ದರು. ಗೆರೆಯ ಈಚೆ, ಒಂದು ಕಾಲು ನೆಲಕ್ಕೆ ಊರಿ, ಭಾಮೈದ ಹಿಂದೆ ತಿರುಗಿ ನೋಡುತ್ತ ನಿಂತಿದ್ದ. ಗೆಳೆಯ ಬರದೆ ಅವನು ದಾಟಿ ಏನೂ ಪ್ರಯೋಜನವಿರಲಿಲ್ಲ. ನಮ್ಮನ್ನು ಕಂಡು ಅವನ ಮುಖ ಪೆಚ್ಚಾಯಿತು. ಆಮೇಲೆ ಅದೇನಾಯಿತೋ, ಹ್ಯಾಂಡಲ್ ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತ ಕೂಗತೊಡಗಿದ. "ಬಾರಕ್ಕ! ಬಾ, ಬಾ! ತುಳಿ ಅಕ್ಕ!"

ನಾನು ಪಕ್ಕಕ್ಕೆ ಸರಿದೆ. ಅವಳು ನನ್ನನ್ನೂ ದಾಟಿ, ತಮ್ಮನನ್ನೂ ದಾಟಿ ಗೆರೆ ದಾಟಿದಳು. ಅವಳ ಹಿಂದೆಯೇ ನಾನು. ಆ ವರ್ಷ ಗೆದ್ದ ಜೋಡಿ ನಾವು ಮುಟ್ಟುವ ಎಷ್ಟೋ ಮೊದಲೇ ಬಂದು ಬಟ್ಟೆ ಬದಲಾಯಿಸಿ ಎಳನೀರು ಕುಡಿಯುತ್ತ ಕೂತಿತ್ತು. ನಮಗೆ ಸಿಕ್ಕಿದ್ದು ನಾಲ್ಕನೆಯ ಜಾಗ. ನನ್ನ ಹೆಂಡತಿ ಸೈಕಲ್ಲಿನಿಂದ ಇಳಿಯಲೂ ಆಗದೆ ನನ್ನ ಹೆಗಲು ಹಿಡಿದು ನಿಂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ನಿಮಿಷಗಳು ಕಳೆದವು. ಅವನ ಜೋಡಿ ನಮಗಿಂತ ಮುಂದಿದ್ದ ಎರಡಲ್ಲ, ಹತ್ತಾದರೂ ಕಳೆದಿರಬೇಕು; ಗೆಳೆಯನ ಸುಳಿವಿಲ್ಲ. ಭಾಮೈದ ಸೈಕಲ್ಲನ್ನು ಬೇಲಿಗೆ ಒರಗಿಸಿ ತನ್ನ ನೀರಿನ ಬಾಟಲಿ ತಂದು ಅಕ್ಕನಿಗೆ ಕೊಟ್ಟ. ಅವಳು ಒಂದು ಹನಿಯೂ ಉಳಿಸದೆ ಕುಡಿದು, ಖಾಲಿ ಬಾಟಲಿಯನ್ನು ಅವನ ಕೈಗೆ ಹಿಂದಿರುಗಿಸಿದಳು.

"ನಿನ್ನ ಜೊತೆಗಾರ ಎಲ್ಲವ್ನಲಾ?" ಎಂದಳು.

ಅವನು ತಿರುಗಿ ರಸ್ತೆ ನೋಡಿದ. ಅವಳ ಕೈ ನನ್ನ ಹೆಗಲ ಮೇಲೇ ಇತ್ತು.