ಅರ್ಧ ರೊಟ್ಟಿಯ ಜಗಳ

ಇವತ್ತು ಮಧ್ಯಾಹ್ನ ಬಿಸಿ ಸಜ್ಜೆ ರೊಟ್ಟಿಯ ವಾಸನೆ ಮೂಗಿಗೆ ಬಡಿಯುತ್ತಲೇ ದೊಡ್ಡವ್ವ ನೆನಪಾದಳು. ನಮ್ಮ ದೊಡ್ಡಪ್ಪನ ಹೆಂಡತಿ, ನಾಲತವಾಡದಾಕೆ. ನೀವು ಆಕೆಯ ಜೊತೆ ಊಟಕ್ಕೆ ಕೂತಿಲ್ಲ, ಪಾಪ! ನಾಲ್ಕು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೊಂದು ಬಟ್ಟಲು ಮೊಸರು, ಅದೂ ಮಾತು ನಿಲ್ಲಿಸದೆ. ನಾನೋ ಎರಡಕ್ಕೇ ಕೈ ತೊಳೆಯುವ ಗಿರಾಕಿ.

ಅಂಥವಳು ಕೆಲವು ವರ್ಷಗಳ ಹಿಂದೆ ಮುದ್ದೇಬಿಹಾಳದ ನಮ್ಮ ಮನೆಗೆ ಬಂದು, ಅರ್ಧ ರೊಟ್ಟಿ ತಿಂದು, ತಾಟಿಗೆ ಕೈ ಅಡ್ಡ ಹಿಡಿದಳು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬಡಿಸಿದ ರೊಟ್ಟಿ ಬೇಡವೆಂದರೆ ಮುನಿಸು ಅಂತಲೇ ಲೆಕ್ಕ. ರೊಟ್ಟಿ ಬಡಿದವಳು ನಮ್ಮವ್ವ, ದೊಡ್ಡವ್ವನ ನೆಗೆಣ್ಣಿ, ಅಂದರೆ ಓರಗಿತ್ತಿ. ಆಕೆಯ ಮುಖ ಕೆಂಪಾಯಿತು.

"ಯಾಕ ಅಕ್ಕಾ, ನನ್ನ ಕೈ ರೊಟ್ಟಿ ಸೇರವಲ್ದೇನು? ಸಿಟ್ಟಿದ್ರ ಬಾಯಿ ಬಿಟ್ಟು ಹೇಳು."

"ಸಿಟ್ಟಲ್ಲವಾ. ನಾಕ ತುತ್ತಿಗೆ ಹೊಟ್ಟಿ ಬಿಗಿತೈತಿ. ಗ್ಯಾಸ್ ಇರಬೇಕು."

ಅವ್ವ ನಂಬಲಿಲ್ಲ. ಎಷ್ಟು ದಿನವಾಯಿತು, ಮತ್ತೇನಾಗುತ್ತದೆ ಎಂದು ಪೊಲೀಸರ ಹಾಗೆ ಕೆದಕಿದಳು. ಒಂದೂವರೆ ತಿಂಗಳಾಯಿತಂತೆ. ದಿನಾ ಹೊಟ್ಟೆ ಉಬ್ಬುತ್ತದೆ, ಕಿಬ್ಬೊಟ್ಟೆ ಸಣ್ಣಗೆ ನೋಯುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕು. ಈ ವಯಸ್ಸಿನಲ್ಲಿ ಇದನ್ನು ಯಾರ ಮುಂದೆ ಹೇಳುವುದೆಂದು ಸೋಡಾ ಕುಡಿದುಕೊಂಡು ಇದ್ದುಬಿಟ್ಟಿದ್ದಳು. ನಾನು ಭಾರೀ ಶಾಣ್ಯಾನ ಹಾಗೆ, "ಜೀರಗಿ ನೀರು ಕುಡಿ ದೊಡ್ಡವ್ವಾ," ಎಂದೆ.

"ನೀ ಸುಮ್ನಿರೋ!" ಅವ್ವ ಗದರಿದಳು. "ನಾಳೆ ದವಾಖಾನಿಗೆ ಹೋಗೂದು. ಡಾಕ್ಟರ್ ಏನೂ ಇಲ್ಲಂದ್ರ, ನಿನಗ ನನ್ನ ಮ್ಯಾಲೆ ಸಿಟ್ಟೈತಿ ಅಂತ ಖಾತ್ರಿ ಆತು."

ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಗಡ್ಡೆ ಕಂಡಿತು. ಆಪರೇಷನ್ ಮಾಡಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಅವ್ವ ದವಾಖಾನೆಯ ಕಟ್ಟೆಯ ಮೇಲೆ ಕೂತು, "ಒಂದ ರೊಟ್ಟಿ ಸಂಬಂಧ ಜಗಳಾ ತಗದ್ನೆಲ್ಲೋ," ಎಂದು ಅತ್ತಳು. ಡಾಕ್ಟರಮ್ಮ ಆಕೆಯ ಭುಜ ಹಿಡಿದು ಹೇಳಿದರು: "ಛಲೋ ಮಾಡೀರಿ. ಇನ್ನೂ ಹಬ್ಬಿಲ್ಲ. ಭಾಳ ಮಂದಿ ಗ್ಯಾಸ್ ಅಂತ ಕುಂತು ತಡಾ ಮಾಡ್ತಾರ."

ಕೀಮೋ ಕೊಟ್ಟಾಗ ಕೂದಲು ಉದುರಿತು, ವಾಂತಿಯಾಯಿತು, ದೊಡ್ಡವ್ವ ಮಾತ್ರ ಜಗ್ಗಲಿಲ್ಲ. ಗೆದ್ದಳು, ಸ್ವಾಮಿ! ಈಗ ಇಂಡಿ ಊರಿನ ಮದುವೆಯಿರಲಿ, ಸಿಂದಗಿಯಲ್ಲಿ ಬಸುರಿಗೆ ಮಾಡುವ ಕುಬಸವಿರಲಿ, ಹೆಂಗಸರನ್ನು ಮೂಲೆಗೆ ಕರೆದು, "ಹೊಟ್ಟಿ ಉಬ್ಬತೈತೇನ? ಎಷ್ಟ್ ದಿನಾತು?" ಎಂದು ವಿಚಾರಣೆ ಮಾಡುತ್ತಾಳೆ.

ಇಷ್ಟೆಲ್ಲ ಹೇಳಿದ ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಮೂರು ತಿಂಗಳಿಂದ ನನಗೆ ಮೂತ್ರ ಸಲೀಸಾಗಿ ಬರುತ್ತಿಲ್ಲ. ಹೆಂಡತಿ ಕೇಳಿದರೆ ಚಹಾ ಹೆಚ್ಚಾಯಿತು ಎನ್ನುತ್ತಿದ್ದೆ. ಇವತ್ತು ಊಟ ಮಾಡುತ್ತಾ ನನ್ನ ಬಗ್ಗೆಯೇ ನನಗೆ ನಾಚಿಕೆಯಾಯಿತು. ದೊಡ್ಡವ್ವನಿಗೆ ಫೋನು ಹಚ್ಚಿ ಹೇಳಿದೆ.

"ನಾಳೆ ಹೋಗ್ತೇನಿ ದೊಡ್ಡವ್ವಾ."

"ನಾಳೆ ಯಾಕ? ಚಪ್ಪಲಿ ಹಾಕ್ಕೋ!"

ಸಂಜೆ ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿ, "ಏನ್ ತ್ರಾಸ್ರಿ?" ಎಂದಳು. ಬೆಂಚಿನ ತುಂಬ ಜನ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿಯೇಬಿಟ್ಟೆ: "ಮೂತ್ರ ಸಲೀಸ ಬರವಲ್ದವಾ. ಪ್ರಾಸ್ಟೇಟ್ ತೋರಿಸ್ಬೇಕು."

ಹಿಂದಿನಿಂದ ತಲೆಗೆ ಪಟಕಾ ಸುತ್ತಿದ ಯಜಮಾನರೊಬ್ಬರು ಎದ್ದು ನಿಂತರು.

"ತಂಗಿ, ನಾ ಆಗ ಮೊಣಕಾಲು ನೋವಂತ ಬರಸಿದ್ನೆಲ್ಲ? ಅದನ್ನ ಹೊಡದು ಹಾಕು. ನಂದೂ ಇದ ತ್ರಾಸ್ ಐತಿ."